ಅನ್ನ ಮುಟ್ಟಿ ಮಾಡಿದ ಆಣೆ

ನಾನು ಕುವೈತಿಗೆ ಹೋದದ್ದು ಒಬ್ಬ ಲಾರಿ ಡ್ರೈವರನ ಹಲ್ಲು ಮುರಿದದ್ದಕ್ಕೆ. ಕೇಳಿದವರಿಗೆಲ್ಲ ಬೇರೆ ಬೇರೆ ಕಾರಣ ಹೇಳಿಕೊಂಡು ತಿರುಗಿದ್ದೇನೆ. ಈಗ ಸಾಕು.

ಆಗ ನಾನು ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲಿ. ಹದಿನೆಂಟನೆಯ ವಯಸ್ಸಿಗೆ ಚೀಲ ಹೊರಲು ನಿಂತವನು ಮೂವತ್ತು ದಾಟುವವರೆಗೂ ಹೊತ್ತೆ. ಚೀಲಕ್ಕೆ ಸಿಕ್ಕಿಸಿ ಎಳೆಯಲು ಒಂದು ಕಬ್ಬಿಣದ ಕೊಕ್ಕೆ ಇರುತ್ತದೆ, ಅದಕ್ಕೆ ನಾವು ಹುಕ್ಕು ಅಂತೀವಿ. ಪ್ರತಿ ಹಮಾಲಿಗೂ ಅವನದೇ ಹುಕ್ಕು, ಒಬ್ಬರದನ್ನು ಒಬ್ಬರು ಮುಟ್ಟುವುದಿಲ್ಲ. ಅವತ್ತು ಆ ಡ್ರೈವರ್ ನೋಡದೆ ಲಾರಿಯನ್ನು ಹಿಂದಕ್ಕೆ ಬಿಟ್ಟ. ನಮ್ಮ ಜೊತೆಯ ಹಿರಿಯ ಹಮಾಲಿಯೊಬ್ಬನ ಪಾದ ಗಾಲಿಯ ಅಡಿಗೆ ಸಿಕ್ಕಿತು. ಅವನ ಕೂಗು ಗಿರಣಿಯ ಸದ್ದನ್ನೂ ಮೀರಿ ಕೇಳಿಸಿತು. ಡ್ರೈವರ್ ಕೆಳಗೂ ಇಳಿಯದೆ, "ನೋಡ್ಕೊಂಡು ನಿಂದ್ರಬೇಕಪಾ, ಕಣ್ಣಿಲ್ಲೇನು?" ಅಂದ. ನನಗೆ ಸಿಟ್ಟು ನೆತ್ತಿಗೇರಿತು. ಕಾಲು ಹಿಡಿದು ಅವನನ್ನು ಕ್ಯಾಬಿನ್ನಿಂದ ಕೆಳಗೆಳೆದೆ. ಮುಷ್ಟಿ ಕಟ್ಟಿ ಬಾಯಿಗೆ ಗುದ್ದಿದೆ, ಮತ್ತೆ ಗುದ್ದಿದೆ, ಜನ ಬಂದು ಬಿಡಿಸುವವರೆಗೂ ಗುದ್ದಿದೆ. ಎರಡು ಹಲ್ಲು ನುಚ್ಚಕ್ಕಿಯ ಮೇಲೆ ಬಿದ್ದವು. ನನ್ನ ಬೆರಳಿನ ಗೆಣ್ಣಿನಲ್ಲಿ ಆ ಹಲ್ಲಿನ ಕಲೆ ಇವತ್ತಿಗೂ ಇದೆ. ಸುಳ್ಳು ಯಾಕೆ ಹೇಳಲಿ, ಆಗ ಭಾಳ ಖುಷಿಯಾಗಿತ್ತು.

ಹಿರಿಯರು ಕೂತು ರಾಜಿ ಮಾಡಿಸಿದರು, ಕೇಸಾಗಲಿಲ್ಲ. ಆದರೆ ಕಾರಟಗಿಯಿಂದ ಶ್ರೀರಾಮನಗರ, ಗಂಗಾವತಿಯವರೆಗೂ ಯಾವ ಗಿರಣಿಯವರೂ ನನ್ನನ್ನು ಗೇಟಿನೊಳಗೆ ಬಿಡಲಿಲ್ಲ. "ನೀ ಹೊಡ್ಯಾ ಮನಷ್ಯಾ ಅದಿ, ಹೋಗಪಾ" ಅಂದರು. ಕಡೆಗೆ ಗಂಗಾವತಿಯ ಪರಿಚಯದವನೊಬ್ಬ ಕುವೈತಿನ ಒಂದು ಗೋದಾಮಿನ ವೀಸಾ ತರಿಸಿಕೊಟ್ಟ.

ಹೊರಡುವ ದಿನ ಮಧ್ಯಾಹ್ನ ಹೆಂಡತಿ ತಾಟಿಗೆ ಅನ್ನ ಬಡಿಸಿದಳು, ಉಣ್ಣಲು ಬಿಡಲಿಲ್ಲ. ಅವಳು ನನ್ನ ಸೋದರಮಾವನ ಮಗಳು, ಯಲಬುರ್ಗಾ ಕಡೆ ಬೆಳೆದವಳು. ಸಣ್ಣಂದಿನಿಂದ ನನ್ನನ್ನು ಏಕವಚನದಲ್ಲೇ ಮಾತಾಡಿಸಿದವಳು ಮದುವೆಯಾದ ಮೇಲೂ ಅದನ್ನು ಬಿಡಲಿಲ್ಲ. ಮದುವೆಯ ಹೊಸದರಲ್ಲಿ ನಾನು ಎರಡು ಸಲ ಅವಳ ಬೆನ್ನಿಗೆ ಗುದ್ದಿದ್ದೆ. ಮೂರನೆಯ ಸಲ ಕೈ ಎತ್ತಿದಾಗ ಅವಳು ಕುಡಗೋಲು ಎತ್ತಿದ್ದಳು. ಅಲ್ಲಿಗೆ ಅದು ನಿಂತಿತ್ತು.

"ಅನ್ನ ಮುಟ್ಟು," ಅಂದಳು.

"ಉಣ್ಣಾಕರ ಬಿಡು ಮಾರಾಯ್ತಿ."

"ಮುಟ್ಟಿ ಹೇಳು, ಅಲ್ಲಿ ಯಾರ ಮ್ಯಾಲೂ ಕೈ ಎತ್ತಾಂಗಿಲ್ಲ ಅಂತ. ಇಲ್ಲೆ ಆದ್ರ ಹಿರ್ಯಾರು ಬಂದು ಬಿಡಿಸ್ತಾರ. ಅಲ್ಲಿ ಜೇಲಿಗೆ ಹಾಕಿದ್ರ ನಾ ಎಲ್ಲಿಗೆ ಬರ್ಲಿ? ನಿನ್ನ ಮಾರಿ ಮತ್ತ ನೋಡಾಕ ಸಿಗ್ತೈತೇನು ನನಗ?"

ಬಿಸಿ ಅನ್ನದ ಮೇಲೆ ಬಲಗೈ ಇಟ್ಟು ಆಣೆ ಮಾಡಿದೆ. ಬೆರಳು ಸುಟ್ಟವು. ನನ್ನ ಮಾತು ಮುಗಿಯುವವರೆಗೂ ಅವಳು ಕೈ ತೆಗೆಯಲು ಬಿಡಲಿಲ್ಲ.

ವಿಮಾನಕ್ಕೆ ಹಾಕುವ ದೊಡ್ಡ ಬ್ಯಾಗಿನ ತಳದಲ್ಲಿ ನನ್ನ ಹುಕ್ಕನ್ನು ಲುಂಗಿಯಲ್ಲಿ ಸುತ್ತಿ ಇಟ್ಟುಕೊಂಡು ಹೋಗಿದ್ದೆ. ಹುಕ್ಕಿಲ್ಲದೆ ಹಮಾಲಿ ಕೆಲಸಕ್ಕೆ ಹೋಗುವುದುಂಟೇ! ಗೋದಾಮಿನ ಮೊದಲ ದಿನ, ಅಟ್ಟಿ ಹಾಕಿದ ಚೀಲಗಳ ನಡುವೆ ಒಂದು ಸಾಲು ಸೋನಾ ಮಸೂರಿ ಕಂಡಿತು. ಚೀಲದ ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಕಾರಟಗಿ ಅಂತಿತ್ತು. ಅಯ್ಯೋ ನಮ್ಮಪ್ಪಾ, ನಮ್ಮೂರ ಅಕ್ಕಿ! ಓಡಿಹೋಗಿ ರೂಢಿಯಂತೆ ಹುಕ್ಕು ಹಾಕಿ ಎಳೆದೆ. ನಮ್ಮ ಗೋಣಿಚೀಲವಾಗಿದ್ದರೆ ಹುಕ್ಕು ತೆಗೆದ ಕೂಡಲೆ ನಾರು ಕೂಡಿಕೊಂಡು ತೂತು ಮುಚ್ಚುತ್ತದೆ. ಇದು ಅಂಗಡಿಯಲ್ಲಿ ಮಾರುವ ತೆಳು ಪ್ಲಾಸ್ಟಿಕ್ ಚೀಲ. ಉದ್ದಕ್ಕೂ ಹರಿದು ಅಕ್ಕಿಯೆಲ್ಲ ನನ್ನ ಕಾಲ ಮೇಲೆ ಸುರಿಯಿತು.

ಸೂಪರ್‌ವೈಸರ್ ಬಂದ. ಅವನು ಯಾವ ದೇಶದವನು ಅಂತ ಬರೆಯುವುದಿಲ್ಲ, ಹೊಡೆಯುವವನಿಗೆ ಊರು ಬೇರೆ ಬೇಕೇ? ಮಾತಿಲ್ಲ ಕತೆಯಿಲ್ಲ, ಬಲಗೈಯ ಹಿಂಬದಿಯಿಂದ ನನ್ನ ಬಾಯಿಗೆ ಬೀಸಿದ. ಉಂಗುರ ತಗಲಿ ತುಟಿ ಸೀಳಿತು. ಆಮೇಲೆ ಎರಡು ಬೆರಳಲ್ಲಿ ನನ್ನ ಗದ್ದ ಹಿಡಿದು, ಮುಖವನ್ನು ನೆಲದ ಕಡೆ ಬಗ್ಗಿಸಿ, "ನೀಚೆ ದೇಖ್" ಅಂದ. ಏಟಿಗಿಂತ ಆ ಎರಡು ಬೆರಳು ಹೆಚ್ಚು ಉರಿದವು. ಹುಕ್ಕು ಇನ್ನೂ ನನ್ನ ಕೈಯಲ್ಲೇ ಇತ್ತು. ಅವನ ಕುತ್ತಿಗೆ ಒಂದು ಮೊಳ ದೂರದಲ್ಲಿತ್ತು. ಅದು ಎಲ್ಲಿ ಹೊಕ್ಕು ಎಲ್ಲಿ ಹೊರಬರುತ್ತದೆ ಅಂತಲೂ ನೋಡಿಟ್ಟುಕೊಂಡೆ. ಅಷ್ಟರಲ್ಲಿ ಬೆರಳಿಗೆ ಅನ್ನದ ಬಿಸಿ ನೆನಪಾಯಿತು. ಕೂತು ಅಕ್ಕಿ ಬಳಿದೆ. ತುಟಿಯ ರಕ್ತ ಬಿದ್ದ ಕಾಳುಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡೆ.

ಎರಡು ವರ್ಷ ಹೀಗೇ ನಡೆಯಿತು. ಚೀಲ ಓರೆಯಾದರೆ ಹಿಂಗೈ, ನೀರು ಕುಡಿಯಲು ನಿಂತರೆ ಹಿಂಗೈ. ಒಂದು ಸಲ ಕಬ್ಬಿಣದ ಪಟ್ಟಿಯಿಂದ ಬೆನ್ನಿಗೆ ಬಾರಿಸಿದ, ವಾರವಿಡೀ ಬೋರಲು ಮಲಗಿದೆ. ಪ್ರತಿ ಸಲವೂ ಕೊನೆಗೆ ಆ ಎರಡು ಬೆರಳು, ನನ್ನ ಗದ್ದ, ನೀಚೆ ದೇಖ್. ಶುಕ್ರವಾರ ಫೋನಿನಲ್ಲಿ ಹೆಂಡತಿ ಕೇಳುತ್ತಿದ್ದಳು, "ಯಾರಿಗೂ ಹೊಡದಿಲ್ಲ ಹೌದಿಲ್ಲೊ?"

"ಖರೇನ ಇಲ್ಲ."

"ಛಲೋ ಆತು" ಅಂತ ನಗುತ್ತಿದ್ದಳು. ನನಗೆ ಯಾರಾದರೂ ಹೊಡೆದರೇ ಅಂತ ಅವಳು ಕೇಳಲಿಲ್ಲ. ನನ್ನಂಥವನಿಗೆ ಯಾರು ಹೊಡೆದಾರು ಅಂತ ಅವಳ ಲೆಕ್ಕ. ತುಟಿ ಒಡೆದಾಗ, ನೆಟ್ ಸರಿಯಿಲ್ಲ ವಿಡಿಯೋ ಬೇಡ ಅಂತ ನಾನೇ ಸುಳ್ಳು ಹೇಳುತ್ತಿದ್ದೆ.

ನನ್ನ ಜೊತೆ ಚೀಲ ಎತ್ತುವವರಲ್ಲಿ ಒಬ್ಬ ನೇಪಾಳಿ ಇದ್ದ, ನನಗಿಂತ ಹಿರಿಯ. ನನ್ನ ಬೆನ್ನು ಬಾತಾಗ ದಿನಾ ಎಣ್ಣೆ ಹಚ್ಚಿ ತಿಕ್ಕಿದವನು, ರೊಟ್ಟಿ ಮುರಿದು ಬಾಯಿಗಿಟ್ಟವನು ಅವನೇ. ನಾನು ಊರಿಗೆ ಹೊರಡಲು ಒಂದು ತಿಂಗಳಿತ್ತು. ಅವನು ಅಟ್ಟಿಯ ಮೇಲೆ ನಿಂತು ಚೀಲ ಜೋಡಿಸುತ್ತಿದ್ದ, ತಡ ಮಾಡಿದ ಅಂತ ಸೂಪರ್‌ವೈಸರ್ ಅವನ ಕಾಲು ಹಿಡಿದು ಎಳೆದ. ಹತ್ತು ಚೀಲದ ಎತ್ತರದಿಂದ ಕಾಂಕ್ರೀಟಿನ ಮೇಲೆ ಬಿದ್ದ. ಸೊಂಟದಲ್ಲಿ ಎಲುಬು ಮುರಿದದ್ದು ನನ್ನ ಕಿವಿಗೆ ಕೇಳಿಸಿತು. ಆ ಹರಾಮ್‌ಖೋರ ಬಿದ್ದವನ ಗದ್ದವನ್ನೂ ಬಿಡಲಿಲ್ಲ. ನೇಪಾಳಿ ನನ್ನ ಕಡೆ ನೋಡಿದ. ನಾನು ಚೀಲದ ಕಡೆ ನೋಡಿದೆ. ಆಂಬುಲೆನ್ಸ್ ಬಂದು ಅವನನ್ನು ಒಯ್ದಿತು. ನನ್ನ ಆಣೆ ಉಳಿಯಿತಲ್ಲ ಅಂದುಕೊಂಡು ಮುಂದಿನ ಚೀಲ ಎತ್ತಿದೆ.

ಊರಿಗೆ ಬಂದ ದಿನ ಹೆಂಡತಿಗೆ ನೆಲ ಕಾಣಲಿಲ್ಲ. "ಎರಡು ವರ್ಷ ಒಂದು ಇರುವಿಗೂ ಹೊಡದಿಲ್ರಿ ನಮ್ಮಂವ" ಅಂತ ಓಣಿಗೆಲ್ಲ ಹೇಳಿಬಂದಳು.

ಮರುದಿನ ಬೆಳಿಗ್ಗೆ ಅಕ್ಕಿ ಹಸನು ಮಾಡಲು ಮೊರ ಹಿಡಿದು ಬರುತ್ತಿದ್ದವಳು ನನ್ನ ಬ್ಯಾಗಿಗೆ ಎಡವಿದಳು. ಅಕ್ಕಿ ನೆಲಕ್ಕೆ ಚೆಲ್ಲಿತು, ಅಷ್ಟೇ. ನನಗೆ ಸಿಟ್ಟು ಕೂಡ ಬಂದಿರಲಿಲ್ಲ. ಅದನ್ನು ನೆನೆದರೆ ಈಗಲೂ ಹೆದರಿಕೆಯಾಗುತ್ತದೆ. ನನ್ನ ಬಲಗೈಯ ಹಿಂಬದಿ ತಾನೇ ಎದ್ದು ಅವಳ ಬಾಯಿಗೆ ಬಡಿಯಿತು. ತುಟಿ ಒಡೆದು ರಕ್ತ ಬಂತು. ಎರಡು ಬೆರಳಲ್ಲಿ ಅವಳ ಗದ್ದ ಹಿಡಿದು, ಮುಖ ನೆಲಕ್ಕೆ ಬಗ್ಗಿಸಿ, "ಕೆಳಗ ನೋಡು" ಅಂದೆ.

ಕುಡಗೋಲಿಗೆ ಕೈ ಹಾಕುತ್ತಾಳೆ ಅಂದುಕೊಂಡೆ. ಅವಳು ನನ್ನ ಬೆರಳುಗಳನ್ನು ಗದ್ದದಿಂದ ಒಂದೊಂದಾಗಿ ಬಿಡಿಸಿ ನನ್ನನ್ನೇ ದಿಟ್ಟಿಸಿದಳು.

"ಈ ಏಟು ನಿಂದಲ್ಲ," ಅಂದಳು. "ನೀ ಗುದ್ದಾಂವ. ನಿನ್ನ ಗುದ್ದು ನನ್ನ ಬೆನ್ನಿಗೆ ಗೊತ್ತೈತಿ. ಅಲ್ಲಿ ಯಾರು ಹಿಂಗ ಹೊಡೀತಿದ್ರು ನಿನಗ?"

ಚೆಲ್ಲಿದ ಅಕ್ಕಿಯ ಮೇಲೆಯೇ ಕುಸಿದು ಕೂತೆ. ಮೊದಲ ದಿನದ ಹರಿದ ಚೀಲದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅಳು ಬಂತು, ಅತ್ತೆ. ಅವಳು ತುಟಿಯ ರಕ್ತವನ್ನೂ ಒರೆಸಿಕೊಳ್ಳದೆ ಕೇಳಿದಳು. "ಅವನ ಹೆಣಾ ಎತ್ಲಿ, ಅವನ ಕೈಗೆ ಹುಳಾ ಬೀಳ್ಲಿ" ಅಂತ ಆ ಸೂಪರ್‌ವೈಸರನನ್ನು ಬೈದಳು. ನೇಪಾಳಿಯ ಸುದ್ದಿ ಬಂದಾಗ ಬೈಯುವುದು ನಿಂತಿತು.

"ಅಂವ ಏನಾದ?"

"ದವಾಖಾನಿಗೆ ಒಯ್ದ್ರು."

"ಬದುಕ್ಯಾನೇನು?"

"ಗೊತ್ತಿಲ್ಲ."

"ಆಮ್ಯಾಲೆ ಒಂದು ತಿಂಗಳು ಅಲ್ಲೇ ಇದ್ದೆಲ್ಲ. ಹೋಗಿ ನೋಡ್ಲಿಲ್ಲ? ಯಾರನ್ನರ ಕೇಳ್ಲಿಲ್ಲ?"

"ಇಲ್ಲ. ನಿನಗ ಆಣಿ ಮಾಡಿದ್ನೆಲ್ಲ, ಅದಕ್ಕ..."

ಆಗ ಹೊಡೆದಳು. ಅಂಗೈಯಿಂದ, ಕೆನ್ನೆಗೆ, ಕಿವಿ ಗುಂಯ್ ಅನ್ನುವಂತೆ.

"ಹೊಡೀಬ್ಯಾಡ ಅಂದಿದ್ದೆ," ಅಂದಳು. "ನೋಡಬ್ಯಾಡ ಅಂದಿದ್ನೇನು?"