ತಲೆಯಲ್ಲಿದ್ದ ಅಳತೆಗಳು

ನನ್ನ ತಂಗಿ ಭದ್ರಾವತಿಯ ಹಳೇನಗರದ ನಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಅಳತೆಗಳನ್ನು ಎಲ್ಲೂ ಬರೆದಿಡುತ್ತಿರಲಿಲ್ಲ. ಒಮ್ಮೆ ಟೇಪು ಹಿಡಿದರೆ ಸಾಕು, ಆ ಹೆಂಗಸಿನ ತೋಳು, ಎದೆ, ಬೆನ್ನು ಎಲ್ಲ ಅವಳ ತಲೆಯಲ್ಲಿರುತ್ತಿತ್ತು. ಬಾಣಂತನ ಮುಗಿಸಿ ಬಂದವರನ್ನು ಬಾಗಿಲಲ್ಲಿ ನೋಡಿಯೇ ಹೊಲಿಗೆ ಎಷ್ಟು ಬಿಚ್ಚಬೇಕೆಂದು ಹೇಳುತ್ತಿದ್ದಳು.

ಮೊದಲು ಹೋದದ್ದು ಆ ನೆನಪೇ. ಒಬ್ಬರ ತೋಳನ್ನು ಇನ್ನೊಬ್ಬರ ರವಿಕೆಗೆ ಜೋಡಿಸಿಟ್ಟಳು. ಕೇಳಿದರೆ ಸಿಟ್ಟು. ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣ ಬೇಗ ಬೇಗ ಖಾಲಿಯಾಗುತ್ತಿತ್ತು. ಒಂದು ಮಧ್ಯಾಹ್ನ ನೋಡಿದರೆ ಅವಳ ತುಟಿಯಂಚೆಲ್ಲ ಸೀಮೆಸುಣ್ಣದ ನೀಲಿ.

"ತಿಂತೀಯೇನೇ ಇದನ್ನ, ಮಾರಾಯ್ತಿ?"

"ವಾಸನೆ ಚೆನ್ನಾಗಿರತ್ತೆ ಕಣೇ ಅಕ್ಕ," ಎಂದು ತಲೆ ತಗ್ಗಿಸಿದಳು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದ ಡಾಕ್ಟರಮ್ಮ, ಮೈಯಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ, ಮೆದುಳಿಗೂ ಅದು ಬೇಕು, ಈ ಮರೆವು, ಸಿಟ್ಟು, ಸುಣ್ಣ ತಿನ್ನುವ ಆಸೆ ಎಲ್ಲ ಅದರಿಂದಲೇ ಇರಬಹುದು ಎಂದರು.

"ಭದ್ರಾವತಿಯೋರಿಗೇ ಕಬ್ಬಿಣ ಸಾಲ್ದೇ ಹೋಯ್ತಲ್ರೀ!" ಎಂದು ಅವರೇ ನಕ್ಕರು.

"ಅದೆಲ್ಲ ಫ್ಯಾಕ್ಟರೀಲಿತ್ತು ಮೇಡಂ, ನಮಗೆಲ್ಲಿ ಕೊಟ್ರು?" ಎಂದಳು ತಂಗಿ. ಅವಳ ತಮಾಷೆ ಕೇಳಿ ಬಹಳ ಕಾಲವಾಗಿತ್ತು.

ಮೊದಲು ಮಾತ್ರೆ ಕೊಟ್ಟರು. ಮಲ ಕಪ್ಪಾಗುತ್ತದೆ, ಹೆದರಬೇಡಿ ಎಂದರು. ನಮ್ಮ ಮನೆಯಲ್ಲಿ ತಿಂಡಿಯಾದ ಮೇಲೆ ಕಾಫಿ ಆಗಲೇಬೇಕು. ಮಾತ್ರೆಯೂ ಅದರ ಜೊತೆಗೇ ಹೋಗುತ್ತಿತ್ತು. ಕಾಫಿ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲವಂತೆ. ಕೊನೆಗೆ ಡ್ರಿಪ್ ಹಾಕಿದರು. ಕಷಾಯದ ಬಣ್ಣದ ಔಷಧಿ ಹನಿಹನಿಯಾಗಿ ಇಳಿಯಿತು. ರಕ್ತ ಒಳಗೆಲ್ಲೋ ಸೋರುತ್ತಿರಬೇಕು, ಹೊಟ್ಟೆಗೆ ಪೈಪು ಬಿಟ್ಟು ನೋಡಬೇಕು, ತಪ್ಪದೆ ಬನ್ನಿ ಎಂದರು.

ಕೆಲವು ವಾರಗಳಲ್ಲಿ ಅವಳು ಮರಳಿ ಬಂದಳು. ಹಾಗೆಂದೇ ಹೇಳಬೇಕು. ಸೀಮೆಸುಣ್ಣ ಡಬ್ಬಿಯಲ್ಲೇ ಉಳಿಯಿತು. ಕುಂಸಿಯಿಂದ ಬಂದ ಹಳೆಯ ಗಿರಾಕಿಯೊಬ್ಬರು ಬಟ್ಟೆ ಹೊರತೆಗೆಯುವ ಮೊದಲೇ, "ನಿಮ್ದು ಎಡಭುಜ ಸ್ವಲ್ಪ ಇಳಿಜಾರು, ಗೊತ್ತು ಬಿಡಿ," ಎಂದಳು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಆ ಸಂತೋಷದಲ್ಲಿ ಉಳಿದದ್ದು ಹಿಂದೆ ಬಿತ್ತು. "ತಲೆ ಸರಿಯಾಯ್ತಲ್ಲಕ್ಕ, ಆ ಪೈಪು ಯಾಕೆ ನುಂಗ್ಲಿ? ಮದುವೆ ಸೀಸನ್ ಮುಗೀಲಿ, ಹೋಗ್ತೀನಿ," ಎಂದಳು. ಮಾತ್ರೆ ನಿಲ್ಲಿಸಿದ್ದರೂ ಮಲ ಕಪ್ಪಾಗಿಯೇ ಇತ್ತು. ಡ್ರಿಪ್ಪಿನ ಕಬ್ಬಿಣವಿರಬೇಕು ಎಂದುಕೊಂಡೆವು. ಅದು ರಕ್ತವಾಗಿತ್ತು. ಹೊಟ್ಟೆಯಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಾಗುವ ಹೊತ್ತಿಗೆ ಅದು ಎಲ್ಲ ಕಡೆ ಹರಡಿತ್ತು. ಕೊನೆಯವರೆಗೂ ಅವಳ ಬುದ್ಧಿ ಮಂಕಾಗಲಿಲ್ಲ. ಒಳ್ಳೆಯದಾಯಿತೋ ಇಲ್ಲವೋ ಹೇಳಲಾರೆ. ಏನಾಗುತ್ತಿದೆಯೆಂದು ಅವಳಿಗೆ ಪೂರ್ತಿ ತಿಳಿದಿತ್ತು.

ಈಗಲೂ ಹೆಂಗಸರು ಬಂದು, "ಅಕ್ಕಾ, ನಮ್ಮ ಅಳತೆ ಎಲ್ಲಾದ್ರೂ ಬರೆದಿಟ್ಟಿದ್ರಾ?" ಎನ್ನುತ್ತಾರೆ. ಇಲ್ಲ ಎನ್ನುತ್ತೇನೆ.

ಕೊನೆಯ ಸಲ ಆಸ್ಪತ್ರೆಗೆ ಸೇರುವ ಮೊದಲು ನನಗೊಂದು ರವಿಕೆ ಹೊಲಿದಿದ್ದಳು, ಟೇಪು ಹಿಡಿಯದೆ. ಆಗ ಸರಿಯಾಗಿ ಕೂತಿತ್ತು. ಈಗ ಇಳಿದುಹೋಗಿದ್ದೇನೆ, ಭುಜದಿಂದ ಜಾರುತ್ತದೆ. ಹೊಲಿಗೆ ಹಿಡಿಸಲು ಬೇರೆಯವರ ಕೈಗೆ ಕೊಟ್ಟಿಲ್ಲ. ಹಾಗೆಯೇ ತೊಟ್ಟು ಸೆರಗು ಹೊದೆಯುತ್ತೇನೆ.