ಕೆಂದಿಯ ಮಂಡಿ

ಯಲಿಯೂರಿನ ಅಂಕಯ್ಯನ ಹಸು ಕೆಂದಿ ಮಂಡ್ಯದ ಬಡಾವಣೆಗಳಲ್ಲಿ ಹೊಕ್ಕಷ್ಟು ಹೊಸ ಮನೆಗಳನ್ನು ಯಾವ ನೆಂಟನೂ ಹೊಕ್ಕಿರಲಾರ. ಗೃಹಪ್ರವೇಶವೆಂದರೆ ಯಜಮಾನನಿಗಿಂತ ಮೊದಲು ಹಸು ಕರು ಹೊಸಿಲು ದಾಟಬೇಕು. ಪೇಟೆಯಲ್ಲಿ ಕಾರು ಸಿಕ್ಕೀತು, ಹಸು ಎಲ್ಲಿ ಸಿಗಬೇಕು? ಪುರೋಹಿತರ ಫೋನು ಅಂಕಯ್ಯನಿಗೇ ಬರುತ್ತಿತ್ತು.

ಡೇರಿಯವರ ಮಟ್ಟಿಗೆ ಕೆಂದಿ ಯಾವ ಲೆಕ್ಕಕ್ಕೂ ಇಲ್ಲ. ನಾಟಿ ಹಸು, ಕ್ಯಾನಿನ ತಳ ನೆನೆಯುವಷ್ಟು ಹಾಲು. ವಿಮೆಯವರು ಹಲ್ಲು ನೋಡಿ, ವಯಸ್ಸಾಯಿತೆಂದು ತಲೆಯಾಡಿಸಿ ಹೋದರು. ಪುರೋಹಿತರಿಗೆ ಮಾತ್ರ ಅವಳು ಸಾಕ್ಷಾತ್ ಲಕ್ಷ್ಮಿ, ಅದೂ ಪಕ್ಕದಲ್ಲಿ ಕರು ಇದ್ದರೆ! ಹೆಂಡತಿ ದೇವಿರಮ್ಮನದು ಒಂದೇ ಪಲ್ಲವಿ: "ಇದ್ನ ಮಾರ್ಬುಟ್ಟು ಸೀಮೆಅಸ ತರಾನ." ಅಂಕಯ್ಯನದೂ ಒಂದೇ ಉತ್ತರ: "ಗೃಹಪ್ರವೇಸಕ್ಕೆ ಕರೀತಾವ್ರಲ್ಲ, ಇರ್ಲಿ ಬುಡು." ಕೆಂದಿಯನ್ನು ಉಳಿಸಿಕೊಳ್ಳಲು ಅವನಲ್ಲಿದ್ದದ್ದು ಅದೊಂದೇ ನೆಪ.

ಹೋದ ವರ್ಷ ಕೃಷ್ಣಪ್ರಸಾದರ ಗೃಹಪ್ರವೇಶ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಸಾಲಕ್ಕೆ ಬಂದ ಮನೆಗಳಿಗೆ ಬೆಲೆ ಕಟ್ಟಿಯೇ ತಲೆ ನರೆತಿತ್ತು. ನೆಲಕ್ಕೆಲ್ಲ ಗ್ರಾನೈಟ್, ಮುಖ ಕಾಣುವ ಹಾಗೆ ಪಾಲಿಶ್. ಕೆಂದಿ ಹೊಸಿಲಲ್ಲೇ ನಿಂತುಬಿಟ್ಟಳು. ಯಾರೋ ಬಾಲ ತಿರುಚಿದರು. ಒಂದು ಹೆಜ್ಜೆ ಇಟ್ಟಿದ್ದೇ ಕಾಲು ಜಾರಿ, ಮುಂಗಾಲ ಮಂಡಿಯೂರಿ ಬಿದ್ದಳು. ಅಂಕಯ್ಯ ಅವಳನ್ನು ಎಬ್ಬಿಸಿ ಹೊರಗೆಳೆದವನೇ ಬಾಗಿಲಿಗೆ ಅಡ್ಡ ನಿಂತ.

"ಬ್ಯಾಡಿ ಸಾಮಿ. ಕಾಲು ಮುರುದ್ರೆ ಇವ್ಳು ಮತ್ತೆ ಏಳಾಕಿಲ್ಲ."

"ಮುಹೂರ್ತ ಮೀರತ್ತೆ ಅಂಕಯ್ಯ. ಹಸುಗೆ ಏನಾದ್ರೂ ಆದ್ರೆ ಅದರ ಬೆಲೆ ನಾನು ಕೊಡ್ತೀನಿ," ಎಂದರು ಕೃಷ್ಣಪ್ರಸಾದ್.

"ಯಾವುದ್ರ ಬೆಲೆ ಸಾಮಿ? ಆಲಿಂದು ಅಂದ್ರೆ ಡೇರಿಯೋರು ನಗ್ತಾರೆ. ನಂಗೆ ಇವ್ಳ ಕಾಲು ಬೇಕು."

ಪುರೋಹಿತರ ಮುಖ ಹುಳ್ಳಗಾಯಿತು. ಇನ್ನು ಇವರು ಕರೆಯುವುದಿಲ್ಲ ಎಂದು ಅಂಕಯ್ಯನಿಗೆ ಅಲ್ಲೇ ಗೊತ್ತಾಯಿತು. ಕಾಲು ಉಳಿಸಲು ಹೋಗಿ ಹಸುವನ್ನೇ ಕಳೆದುಕೊಳ್ಳುವ ಹಾಗಾಯಿತಲ್ಲ! ಆದರೂ ಜಗ್ಗಲಿಲ್ಲ.

ಕೊನೆಗೆ ಕೃಷ್ಣಪ್ರಸಾದರ ತಾಯಿ ಪದ್ಮಮ್ಮ ಮುಂದೆ ಬಂದರು. "ಗೋವನ್ನ ನೋಯಿಸಿ ಯಾವ ಶುಭ ಆಗ್ಬೇಕೋ? ಅಂಗಳದಲ್ಲೇ ಪೂಜೆ ಮಾಡು," ಎಂದು ಮಗನನ್ನು ಗದರಿದರು. ಪೂಜೆ ಹಾಗೇ ಮುಗಿಯಿತು.

ಮನೆಗೆ ಬಂದು ಅಂಕಯ್ಯ ಒಂದನ್ನೂ ಬಚ್ಚಿಡದೆ ಹೇಳಿದ. ಇನ್ನು ಮಾರು ಅನ್ನುತ್ತಾಳೆಂದು ತಲೆ ತಗ್ಗಿಸಿ ಕೂತ. ದೇವಿರಮ್ಮ ಅರಿಶಿನ ಕಲಸಿ ತಂದು, ತರಚಿದ ಮಂಡಿಗೆ ಮೆತ್ತಿದಳು. ಕೆಂದಿ ಅವಳ ತೋಳು ನೆಕ್ಕಿದಳು.

"ಇಂಥಾ ಮಂಡಿ ಇಟ್ಕಂಡು ಸಂತೆಗೋದ್ರೆ ಯಾರ್ ಕೇಳಾರು? ವಾಸಿ ಆಗ್ಲಿ, ಆಮೇಲ್ ನೋಡಾನ," ಎಂದಳು.

ಪುರೋಹಿತರ ಫೋನು ಮತ್ತೆ ಬರಲಿಲ್ಲ. ಮಂಡಿ ಹದಿನೈದೇ ದಿನಕ್ಕೆ ವಾಸಿಯಾಯಿತು. ಈಗಲೂ ಹಸು ಕೊಳ್ಳುವವರು ಮನೆ ಬಾಗಿಲಿಗೆ ಬಂದರೆ, ಅಂಕಯ್ಯ ಬಾಯಿ ತೆರೆಯುವ ಮೊದಲೇ ದೇವಿರಮ್ಮ ಹೇಳಿ ಕಳಿಸುತ್ತಾಳೆ: "ಇನ್ನೂ ಒಸಿ ಕುಂಟ್ತದೆ ಕಣಪ್ಪ."