ಚಿಕ್ಕಪ್ಪನ ಭಾನುವಾರದ ಪಟಗಳು

ಕತ್ರಿಗುಪ್ಪೆಯ ತಿರುವಿನಲ್ಲಿ ಸಂಜೆಯ ಹೊತ್ತು ಗೋಬಿ ಮಂಚೂರಿಯ ಗಾಡಿಯೊಂದು ನಿಲ್ಲುತ್ತದೆ. ಕಾದ ಬಾಣಲೆಗೆ ವಿನೆಗರ್ ಸುರಿದಾಗ ಏಳುವ ಹಬೆ ದಾರಿಹೋಕರ ಮೂಗಿಗೆ ಅಡರಿ ಕೆಲವರಿಗೆ ಹಸಿವನ್ನೂ ಕೆಲವರಿಗೆ ಕೆಮ್ಮನ್ನೂ ತರುತ್ತದೆ. ನನಗೆ ಎರಡನ್ನೂ ತರುವುದಿಲ್ಲ. ಆ ಹುಳಿ ಘಾಟು ತಾಗಿದೊಡನೆ ನಾನು ಹನುಮಂತನಗರದಲ್ಲಿ, ಈಗ ಇಲ್ಲದ ಒಂದು ಹೆಂಚಿನ ಮನೆಯಲ್ಲಿ, ಮುಚ್ಚಿದ ಬಚ್ಚಲ ಬಾಗಿಲಿನ ಮುಂದೆ ನಿಂತಿರುತ್ತೇನೆ. ಒಳಗೆ ಪಂಚಾಕ್ಷರಿ ಚಿಕ್ಕಪ್ಪ ಕಿಟಕಿಗೆ ಕಂಬಳಿ ಹೊದಿಸಿ, ಕತ್ತಲಲ್ಲಿ ಪಿಂಗಾಣಿ ಬಟ್ಟಲುಗಳ ನಡುವೆ ಕುಕ್ಕುರುಗಾಲಲ್ಲಿ ಕುಳಿತು ಕ್ಯಾಮೆರಾದ ರೀಲನ್ನು ರಾಸಾಯನಿಕದಲ್ಲಿ ತೊಳೆಯುತ್ತಿರುತ್ತಾನೆ. ಬಾಗಿಲ ಸಂದಿಯಿಂದ ಇದೇ ಹುಳಿ ವಾಸನೆ, ಒದ್ದೆ ಕಲ್ಲಿನ ತಂಪು, ಹಂಡೆಯ ಬೂದಿಯ ಗಂಧ ಎಲ್ಲವೂ ಬೆರೆತು ಹೊರಬರುತ್ತಿರುತ್ತದೆ. ಹೆಗಲ ಮೇಲೆ ಸೀರೆ ಹಾಕಿಕೊಂಡ ಅಜ್ಜಿ ನನ್ನ ಪಕ್ಕದಲ್ಲಿ ನಿಂತು, "ಲೋ ಪಂಚಾಕ್ಷರಿ, ಇದೇನು ಬಚ್ಚಲೋ ಆಸ್ಪತ್ರೆಯೋ? ನಾನು ಸ್ನಾನ ಮಾಡಿ ಲಿಂಗಪೂಜೆಗೆ ಕೂರೋದು ಯಾವಾಗ?" ಎನ್ನುತ್ತಿರುತ್ತಾಳೆ.

ನಾನು ಹೆಚ್ಚು ಓದಿದವನಲ್ಲ. ಹೈಸ್ಕೂಲು ಮುಗಿಸದೆ ಕಾರ್ಖಾನೆಯೊಂದರ ಲೇತ್ ಯಂತ್ರದ ಮುಂದೆ ನಿಂತವನು. ಉಳಿದದ್ದನ್ನು ಸಾರ್ವಜನಿಕ ಗ್ರಂಥಾಲಯದ ಬೆಂಚಿನ ಮೇಲೆ ಕುಳಿತು ನಾನೇ ಕಲಿತೆ. ಹೀಗೆ ಕಲಿತವನಿಗೆ ಒಂದು ಒರಟು ಗುಣ ಅಂಟಿಕೊಳ್ಳುತ್ತದೆ: ಯಾರು ಏನು ಹೇಳಿದರೂ "ನಿಮಗೆ ಹೇಗೆ ಗೊತ್ತು?" ಎಂದು ಕೇಳುವುದು. ಹಳೆಯ ಬೆಂಗಳೂರು ಸ್ವರ್ಗವಾಗಿತ್ತು ಎಂಬುದನ್ನು ನಾನು ನಂಬುವುದಿಲ್ಲ. ಆ ಸ್ವರ್ಗದಲ್ಲಿ ನಮ್ಮ ಬೀದಿಗೆ ದಿನ ಬಿಟ್ಟು ದಿನ ನೀರು ಬರುತ್ತಿತ್ತು. ಅಭ್ಯಾಸವೊಂದನ್ನು ಮನುಷ್ಯನ ಸಂಕಲ್ಪವೇ ಉಳಿಸುತ್ತದೆ ಎಂಬುದನ್ನೂ ನಂಬುವುದಿಲ್ಲ. ನಿವೃತ್ತಿಯ ನಂತರ ನಾನು ಪ್ರತಿದಿನ ಬೆಳಿಗ್ಗೆ ಇಟ್ಟಮಡುವಿನಿಂದ ಕತ್ರಿಗುಪ್ಪೆಯವರೆಗೆ ನಡೆದು, ಮೊಬೈಲಿನಲ್ಲಿ ಒಂದೇ ಒಂದು ಪಟ ತೆಗೆದುಕೊಂಡು ಮನೆಗೆ ಬರುತ್ತಿದ್ದೆ. ಅಂಗಡಿಯ ಷಟರಿಗೆ ಒರಗಿ ಮಲಗಿದ ಹಸು, ಅರ್ಧ ಹರಿದ ಮದುವೆಯ ಬ್ಯಾನರ್, ಫ್ಲೈಓವರಿನ ಕಂಬಕ್ಕೆ ಯಾರೋ ಹಚ್ಚಿದ ಕುಂಕುಮ. ಇದು ವರ್ಷಗಳ ಕಾಲ ನಡೆದದ್ದು ನನ್ನ ಸಂಕಲ್ಪದಿಂದಲ್ಲ. ಮಂಡಿನೋವಿನಿಂದ ಮನೆಯಲ್ಲೇ ಉಳಿದಿದ್ದ ನನ್ನ ಹೆಂಡತಿ ಗಿರಿಜ ಕಾಫಿಯ ಲೋಟ ಕೆಳಗಿಟ್ಟು "ಎಲ್ಲಿ, ಇವತ್ತಿನದು?" ಎಂದು ಕೈ ಚಾಚುತ್ತಿದ್ದಳು. ಕನ್ನಡಕ ಏರಿಸಿಕೊಂಡು ನೋಡಿ, "ಇದರಲ್ಲೇನಿದೆ, ಬರೀ ರೋಡು" ಎನ್ನುತ್ತಿದ್ದಳು. ಬಹಳ ಮೆಚ್ಚಿದರೆ "ಪರವಾಗಿಲ್ಲ" ಎನ್ನುತ್ತಿದ್ದಳು. ಆ ಒಂದು "ಪರವಾಗಿಲ್ಲ"ಕ್ಕಾಗಿ ನಾನು ಮಳೆಯಲ್ಲೂ ನಡೆದಿದ್ದೇನೆ.

ಗಿರಿಜ ಕಳೆದ ಮಾಘದಲ್ಲಿ ತೀರಿಕೊಂಡಳು. ನಮ್ಮ ವೀರಶೈವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಬದುಕಿದ್ದವರಂತೆಯೇ ಕೂರಿಸುತ್ತಾರೆ, ಕುಳಿತ ಭಂಗಿಯಲ್ಲೇ ಮಣ್ಣು ಮಾಡುತ್ತಾರೆ. ಅವಳಿಗೆ ಹೊಸ ಸೀರೆ ಉಡಿಸಿ, ಹಣೆತುಂಬ ವಿಭೂತಿ ಹಚ್ಚಿ, ಹೂವಿನ ನಡುವೆ ಗೋಡೆಗೆ ಆನಿಸಿ ಕೂರಿಸಿದ್ದಾಗ ನೆಂಟರಲ್ಲೊಬ್ಬರು ಮೇಜಿನ ಮೇಲಿದ್ದ ನನ್ನ ಫೋನನ್ನೇ ಎತ್ತಿಕೊಂಡು ಅವಳ ಮುಖದ ಪಟ ತೆಗೆದರು. ಅಲ್ಲಿಂದೀಚೆಗೆ ಆ ಫೋನಿನಲ್ಲಿ ನಾನು ಯಾವ ಪಟವನ್ನೂ ತೆಗೆದಿಲ್ಲ. ನಡೆಯುವುದನ್ನು ಬಿಟ್ಟಿಲ್ಲ, ಫೋನನ್ನು ಜೇಬಿನಿಂದ ತೆಗೆಯುತ್ತೇನೆ, ಮತ್ತೆ ಒಳಗಿಡುತ್ತೇನೆ. ದುಃಖವೆಂದು ಹೇಳಲಾರೆ. ಬಹಳ ಹೊತ್ತು ಒಂದೇ ಮಗ್ಗುಲಲ್ಲಿ ಮಲಗಿ ಎದ್ದಾಗ ತೋಳು ತನ್ನದಲ್ಲವೆನಿಸುತ್ತದಲ್ಲ, ಹಾಗೆ. ಅವಳ ಶಿವಗಣಾರಾಧನೆಯ ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ನಮ್ಮಣ್ಣ, "ಫೋಟೋನೂ ಬಿಟ್ಟೆಯಂತೆ? ನಿನಗೂ ಪಂಚಾಕ್ಷರಿ ಚಿಕ್ಕಪ್ಪನ ಕಾಯಿಲೆನೇ ಕಣೋ. ಹುಚ್ಚು ಹಿಡಿಯುತ್ತೆ, ಒಂದಿನ ತಾನಾಗೇ ಇಳಿಯುತ್ತೆ" ಎಂದ. ನನ್ನ ವಿಷಯ ಹೇಗೋ ಇರಲಿ. ಚಿಕ್ಕಪ್ಪನ ಹುಚ್ಚು ತಾನಾಗಿ ಇಳಿಯಿತೆಂಬ, ನಮ್ಮ ವಂಶದಲ್ಲಿ ಎಲ್ಲರೂ ತಲೆದೂಗುವ ಆ ಮಾತನ್ನು ನಾನು ಒಪ್ಪಲಾರೆ. ಅದು ಇಳಿದದ್ದು ಹೇಗೆಂದು ನಾನು ಮೆಟ್ಟಿಲ ಬಳಿ ನಿಂತು ನೋಡಿದ್ದೇನೆ.

ಆಗ ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ಮದುವೆಯಾಗದ ಚಿಕ್ಕಪ್ಪ, ಅಣ್ಣ, ನಾನು, ತೊಟ್ಟಿಲಲ್ಲಿ ತಂಗಿ ಶಾಂತ. ಚಿಕ್ಕಪ್ಪನಿಗೆ ಇದ್ದ ಆಸೆ ಒಂದೇ: ಪ್ರತಿ ಭಾನುವಾರ ಎಲ್ಲರ ಎಣ್ಣೆಸ್ನಾನ ಮುಗಿದ ಮೇಲೆ, ಮುಂಬಾಗಿಲ ಕಲ್ಲುಮೆಟ್ಟಿಲಿನ ಮೇಲೆ ಬಿಸಿಲು ಬೀಳುವ ಹೊತ್ತಿಗೆ, ಮನೆಯವರನ್ನು ಅಲ್ಲಿ ಕೂರಿಸಿ ಒಂದು ಪಟ ತೆಗೆಯುವುದು. ಹಬ್ಬದ ದಿನ ಸ್ಟುಡಿಯೋದಲ್ಲಿ ತೆಗೆಸಿಕೊಳ್ಳುವಂತೆ ಅಲ್ಲ; ಸೀಗೇಪುಡಿಯ ವಾಸನೆ ಇನ್ನೂ ಆರದ ಕೂದಲು, ಕೆಂಪು ಕಣ್ಣು, ಗುಂಡಿ ಕಿತ್ತ ಅಂಗಿ, ಇದ್ದದ್ದು ಇದ್ದ ಹಾಗೆ. "ವಾರಾ ವಾರಾ ತೆಗೆದರೆ ಏನಾಗುತ್ತೆ ಚಿಕ್ಕಪ್ಪ?" ಎಂದು ಕೇಳಿದ್ದೆ. "ನೀನು ಬೆಳೆಯೋದು ಕಣ್ಣಿಗೆ ಕಾಣುತ್ತೆ ಕಣೋ. ಈಗ ಗೊತ್ತಾಗಲ್ಲ, ಹತ್ತು ವರ್ಷ ಆಗಲಿ" ಎಂದಿದ್ದ. ಅವನ ಹಳೆಯ ಡಬ್ಬಿ ಕ್ಯಾಮೆರಾದ ರೀಲಿಗೆ ಹನ್ನೆರಡು ಪಟ. ಪೂರ್ತಿ ಮುಗಿಯುವವರೆಗೆ ರೀಲನ್ನು ಹೊರಗೆ ತೆಗೆಯುವಂತಿಲ್ಲ.

ಆದರೆ ಇಡೀ ಬೀದಿಗೆ ಇದ್ದದ್ದು ಅದೊಂದೇ ಕ್ಯಾಮೆರಾ. ನಮ್ಮ ಬೀದಿಯಲ್ಲಿ ನಮ್ಮವರೇ ಹೆಚ್ಚು. ಬದುಕಿರುವಾಗ ಒಮ್ಮೆಯೂ ಪಟ ತೆಗೆಸಿಕೊಳ್ಳದವರು ಸತ್ತು ಕುಳಿತಾಗ ಅವರ ಮಕ್ಕಳಿಗೆ ಅದು ಹೊಳೆಯುತ್ತಿತ್ತು. "ಪಂಚಣ್ಣಾ, ಒಂದು ಪಟ" ಎಂದು ಯಾರಾದರೂ ಬಾಗಿಲಿಗೆ ಬಂದು ನಿಂತರೆ ಚಿಕ್ಕಪ್ಪ ಇಲ್ಲವೆನ್ನುತ್ತಿರಲಿಲ್ಲ. ಹೋಗಿ ತೆಗೆದು, ಬಂದು ತಲೆಗೆ ನೀರು ಹಾಕಿಕೊಳ್ಳುತ್ತಿದ್ದ. ಅವನೇನೋ ಸ್ನಾನ ಮಾಡಿದ. ಕ್ಯಾಮೆರಾದೊಳಗಿನ ರೀಲಿಗೆ ಸ್ನಾನ ಮಾಡಿಸುವುದು ಹೇಗೆ? ಈ ಪ್ರಶ್ನೆ ಅಜ್ಜಿಯದು. ಲಿಂಗ ಕಟ್ಟಿದ ಮೈಗೆ ಸೂತಕವಿಲ್ಲವೆಂದು ನಮ್ಮಲ್ಲಿ ವೇದಿಕೆ ಹತ್ತಿದವರೆಲ್ಲ ಹೇಳುತ್ತಾರೆ; ವೇದಿಕೆ ಇಳಿದು ಮನೆಗೆ ಹೋದ ಮೇಲೆ ಏನು ಮಾಡುತ್ತಾರೆಂಬುದನ್ನು ಅವರ ಮನೆಯ ಹೆಂಗಸರನ್ನು ಕೇಳಬೇಕು. ಅಜ್ಜಿಯ ತೀರ್ಮಾನ ಇಷ್ಟು: ಸಾವು ಹೊಕ್ಕ ರೀಲಿನೊಳಗೆ ಬದುಕಿರುವವರು ಹೋಗಬಾರದು. "ಕೊನೆ ಮನೆ ರುದ್ರಪ್ಪನ ಜೊತೆ ನನ್ನೂ ಒಂದೇ ಡಬ್ಬಿಲಿ ಕೂರಿಸ್ತೀಯೇನೋ? ಬದುಕಿದ್ದಾಗಲೇ ಅವನ ಪಕ್ಕ ಕೂತೋಳಲ್ಲ ನಾನು!" ಎಂದು ಅವಳು ಅಂದಾಗ ಅಪ್ಪನೂ ನಕ್ಕಿದ್ದ. ಆದರೆ ನಕ್ಕವರು ಯಾರೂ ಮೆಟ್ಟಿಲಿಗೆ ಹೋಗಿ ಕೂರಲಿಲ್ಲ.

ರೀಲನ್ನು ಎಸೆಯುವ ಮನಸ್ಸು ಚಿಕ್ಕಪ್ಪನಿಗೆ ಬರಲಿಲ್ಲ. ಉಳಿದ ಪಟಗಳಲ್ಲಿ ಅವನು ಜೀವವಿಲ್ಲದ್ದನ್ನು ತೆಗೆಯತೊಡಗಿದ. ಒಗೆಯುವ ಕಲ್ಲು, ಒರಳು, ಗೂಟಕ್ಕೆ ನೇತುಹಾಕಿದ ಅಪ್ಪನ ಕೋಟು, ಬಾಗಿಲ ಬಳಿ ಬಿಟ್ಟ ಚಪ್ಪಲಿಗಳು, ಖಾಲಿ ಮೆಟ್ಟಿಲು. ದಾಸವಾಳದ ಗಿಡದ ಮುಂದೆ ನಿಂತು "ಇದು ಆಗುತ್ತೇನವ್ವಾ?" ಎಂದು ಒಮ್ಮೆ ಕೇಳಿದ. ಅಜ್ಜಿ ಯೋಚಿಸಿ, "ಗಿಡಕ್ಕೆ ಜೀವ ಇದೆ, ಬಿಡು" ಎಂದಳು. ಒಂದು ಸಲ ಒರಳಿನ ಹಿಂದಿನಿಂದ ಮನೆಯ ಬೆಕ್ಕು ಸರಿದುಹೋಗಿ ಅದರ ಬಾಲ ಪಟದೊಳಗೆ ಬಂದುಬಿಟ್ಟಿತು. ಅಜ್ಜಿ ವಾರವಿಡೀ ಅದಕ್ಕೆ ಹಾಲು ಹೆಚ್ಚು ಹಾಕಿದಳು. ಆ ಬೆಕ್ಕು ಮುಂದೆ ಬಹಳ ಕಾಲ ಬದುಕಿ, ಬೀದಿತುಂಬ ಮರಿ ಹಾಕಿತು ಎಂಬುದನ್ನು ನಾನು ಇಲ್ಲಿ ಹೇಳಲೇಬೇಕು, ಏಕೆಂದರೆ ಆ ಮನೆಯಲ್ಲಿ ಯಾರೂ ಅದನ್ನು ಸಾಕ್ಷಿಯೆಂದು ಪರಿಗಣಿಸಲಿಲ್ಲ. ಕ್ಯಾಮೆರಾದಲ್ಲಿ ಯಾವ ರೀಲಿದೆಯೆಂದು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಒಂದು ಸುಳ್ಳು ಹೇಳಿದ್ದರೆ ಚಿಕ್ಕಪ್ಪನ ಭಾನುವಾರಗಳು ಉಳಿಯುತ್ತಿದ್ದವು. ಅವನು ಹೇಳಲಿಲ್ಲ. "ಇದು ಯಾವ ರೀಲು?" ಎಂದು ಅಮ್ಮ ಕೇಳಿದಾಗಲೆಲ್ಲ, "ಇದರಲ್ಲಿ ಒಬ್ಬರು ಇದಾರೆ ಅತ್ತಿಗೆ" ಎಂದು ತಗ್ಗಿದ ದನಿಯಲ್ಲಿ ಹೇಳಿ ಕ್ಯಾಮೆರಾವನ್ನು ಒಳಗಿಡುತ್ತಿದ್ದ. ಬೀದಿಯ ಹುಡುಗರು ಅವನನ್ನು ಕಂಡರೆ "ಪಂಚಣ್ಣ ಬಂದ್ರು, ಜೋರಾಗಿ ಉಸಿರಾಡ್ರೋ!" ಎಂದು ಕೂಗುತ್ತಿದ್ದರು. ಅವನೂ ನಗುತ್ತಿದ್ದ. ಮುಂದಿನ ಹೊಸ ರೀಲಿಗಾಗಿ ಕಾಯುತ್ತಿದ್ದ.

ಒಂದು ಹೊಸ ರೀಲಿನ ಮೊದಲ ಪಟದಲ್ಲಿ ಅವನು ಶಾಂತಳನ್ನು ತೆಗೆದ. ಅಮ್ಮ ಮೆಟ್ಟಿಲ ಮೇಲೆ ಕುಳಿತು ಅವಳನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡಿದ್ದಳು. ಮಗುವಿನ ಕೆನ್ನೆಯ ಮೇಲೆ ದೊಡ್ಡ ದೃಷ್ಟಿಬೊಟ್ಟು. ಆ ವಾರವೇ ಹಿಂದಿನ ಬೀದಿಯಲ್ಲಿ ಒಂದು ಸಾವಾಯಿತು, ಚಿಕ್ಕಪ್ಪನಿಗೆ ಕರೆ ಬಂತು, ಅದೇ ರೀಲು. ರೀಲಿನೊಳಗೆ ಸಾವಿನ ನಂತರ ಜೀವ ಬರಬಾರದೆಂಬ ನಿಯಮ ಇತ್ತು. ಜೀವದ ನಂತರ ಸಾವು ಬಂದರೆ ಏನೆಂದು ಯಾರೂ ಯೋಚಿಸಿರಲಿಲ್ಲ. ಯೋಚಿಸುವಂತಾದದ್ದು ಶಾಂತಳಿಗೆ ಜ್ವರ ಬಂದಾಗ. ಆ ತಿಂಗಳು ಬೀದಿಯ ಅರ್ಧ ಮಕ್ಕಳಿಗೆ ಜ್ವರವಿತ್ತು. ಆ ಮಕ್ಕಳಲ್ಲಿ ಯಾರೂ ಪಟ ತೆಗೆಸಿಕೊಂಡವರಲ್ಲ. ಜ್ವರ ಇಳಿಯಿತು. ಆದರೆ ಅಮ್ಮ ಅಡಿಗೆಮನೆಯಿಂದ ಹೊರಗೆ ಬಂದು, ಮೈದುನನ ಮುಖ ನೋಡದೆ, "ಮಗೂದು ಅದರಲ್ಲಿ ಇರೋದು ಬೇಡ" ಎಂದಳು. ಚಿಕ್ಕಪ್ಪ ಉಳಿದ ಪಟಗಳಲ್ಲಿ ಒರಳನ್ನೂ ಕೊಡೆಯನ್ನೂ ತೆಗೆದು ರೀಲು ಮುಗಿಸಿದ, ಬಚ್ಚಲಲ್ಲಿ ತೊಳೆದ, ಬಟ್ಟೆಯ ತಂತಿಗೆ ಒಣಹಾಕಿದ, ಅಮ್ಮನ ಹೊಲಿಗೆಯ ಕತ್ತರಿಯನ್ನೇ ಕೇಳಿ ತೆಗೆದುಕೊಂಡು ಮೊದಲ ಚೌಕವನ್ನು ಕತ್ತರಿಸಿ ಅವಳ ಅಂಗೈಯಲ್ಲಿಟ್ಟ. ಅಮ್ಮ ಅದನ್ನು ಒಲೆಗೆ ಹಾಕಿದಳು. ಅದು ಸುರುಳಿ ಸುತ್ತಿಕೊಂಡು, ಕೊಂಬು ಸುಟ್ಟಂಥ ವಾಸನೆ ಬಿಟ್ಟು ಕರಗಿತು. ಅಮ್ಮ ಅಳುತ್ತಿದ್ದಳು. ಹೊಗೆಗೋ ಏನೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಹೇಳುವುದಿಲ್ಲ.

ಮುಂದಿನ ಭಾನುವಾರ ಚಿಕ್ಕಪ್ಪ ಹೊಸ ರೀಲು ಹಾಕಿಕೊಂಡು ಮೆಟ್ಟಿಲ ಎದುರಿಗೆ ಬಂದ. "ಹೊಸದು ಅತ್ತಿಗೆ. ಯಾರೂ ಇಲ್ಲ ಇದರಲ್ಲಿ" ಎಂದ. ಯಾರೂ ಬೇಡವೆನ್ನಲಿಲ್ಲ. ಅಮ್ಮ ತಲೆ ಆರಿಲ್ಲವೆಂದಳು. ಅಜ್ಜಿ ಕಾಲು ನೋವೆಂದಳು. ಅಪ್ಪ ಎಲ್ಲಿಗೋ ಹೊರಟ. ಅಣ್ಣ ಹತ್ತಿರದ ಗುಡ್ಡದ ಕಡೆಗೆ ಆಡಲು ಓಡಿದ. ಮೆಟ್ಟಿಲಿಗೆ ಇಳಿಯುತ್ತಿದ್ದ ನನ್ನನ್ನು ಅಮ್ಮ ಒಳಗಿನಿಂದ ಕರೆದಳು. ಬಿಸಿಲು ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಜಾರಿ, ಅಲ್ಲಿಂದ ಬೀದಿಗೆ ಇಳಿದುಹೋಗುವವರೆಗೆ ಚಿಕ್ಕಪ್ಪ ಕ್ಯಾಮೆರಾವನ್ನು ಹೊಟ್ಟೆಗೆ ಆನಿಸಿ ಹಿಡಿದುಕೊಂಡು ನಿಂತಿದ್ದ. ಅದರ ಮುಂದಿನ ಭಾನುವಾರ ಅವನು ಬರಲಿಲ್ಲ. ಹುಚ್ಚು ಇಳಿಯಿತೆಂದು ಮನೆಯವರು ಸಮಾಧಾನಪಟ್ಟರು. ಆದರೆ ಬೀದಿಯವರು ಕರೆದಾಗ ಅವನು ಮುಂದೆಯೂ ಹೋಗುತ್ತಿದ್ದ, ವರ್ಷಗಳ ಕಾಲ. ಅಜ್ಜಿಯನ್ನು ಕೂರಿಸಿದ ದಿನ ಅವಳ ಪಟವನ್ನು ತೆಗೆದವನೂ ಅವನೇ. ಅಣ್ಣ ಇದನ್ನು ಮರೆತಿದ್ದಾನೆ. ಕೈಯಲ್ಲಿ ಕ್ಯಾಮೆರಾ ಇದ್ದೇ ಇತ್ತು. ಎದುರಿಗೆ ಕೂರುವ ಜೀವಗಳು ಇರಲಿಲ್ಲ.

ಆ ಮನೆಯ ಜಾಗದಲ್ಲಿ ಈಗ ಕೆಳಗೆ ಪಾರ್ಕಿಂಗ್ ಇರುವ ನಾಲ್ಕು ಮಹಡಿಯ ಕಟ್ಟಡವಿದೆ. ಚಿಕ್ಕಪ್ಪನ ಪಟಗಳಲ್ಲಿ ನನಗೆ ಸಿಕ್ಕವು ಕೆಲವು. ಒರಳು, ಕೋಟು, ಚಪ್ಪಲಿ, ಮೆಟ್ಟಿಲು, ಬೆಕ್ಕಿನ ಬಾಲ. ಮನೆಯ ಪ್ರತಿಯೊಂದು ಮೂಲೆಯೂ ಸ್ಪಷ್ಟವಾಗಿ ಉಳಿದಿದೆ. ಅದರೊಳಗಿದ್ದ ನಾವು ಉಳಿದಿಲ್ಲ. ನಾನು ಬೆಳೆದದ್ದು ಯಾರ ಕಣ್ಣಿಗೂ ಕಾಣುವುದಿಲ್ಲ.

ಮೊನ್ನೆ ಬೆಳಿಗ್ಗೆ ಎಂದಿನಂತೆ ಕತ್ರಿಗುಪ್ಪೆಯವರೆಗೆ ನಡೆದೆ. ಬಸ್ ನಿಲ್ದಾಣದ ಪಕ್ಕ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸೊಬ್ಬಳಿದ್ದಾಳೆ. ಮುಖಪರಿಚಯ ಅಷ್ಟೆ. ನಾನು ಫೋನು ತೆಗೆದು ಮತ್ತೆ ಜೇಬಿಗಿಡುವುದನ್ನು ನೋಡಿ, "ಏನ್ ಸಾರ್, ಫೋಟೋ ತೆಗಿಯೋದು ಬುಟ್ಬುಟ್ರಾ?" ಎಂದಳು. "ಮುಂಚೆ ದಿನಾ ರೋಡು, ಹಸ, ಕಸದ ಗಾಡಿ ಎಲ್ಲಾ ತೆಗೀತಿದ್ರಿ. ಇಲ್ಲೇ ಕೂತಿದ್ರೂ ನಂದೊಂದು ತೆಗೀಲಿಲ್ಲ ನೋಡಿ ನೀವು."

"ಬಿಟ್ಟಿಲ್ಲಮ್ಮ," ಎಂದೆ.

"ಹಂಗಾದ್ರೆ ಈಗ ತೆಗೀರಿ. ಇನ್ನೂ ಬೋಣಿ ಆಗಿಲ್ಲ, ಪುರುಸೊತ್ತಾಗಿದೀನಿ."

ಸೂತಕವನ್ನು ನಂಬದ ಮನುಷ್ಯ ಇದಕ್ಕೆ ಯಾವ ನೆಪ ಹೇಳಬಹುದಿತ್ತು? ಒತ್ತಿದೆ. ಏನೂ ಅನ್ನಿಸಲಿಲ್ಲ. ಅವಳು ಕೈಯೊರೆಸಿಕೊಂಡು ಎದ್ದು ಬಂದು ಇಣುಕಿ, "ಅಯ್ಯಯ್ಯೋ, ಕಣ್ಣು ಮುಚ್ಕೊಂಡಿರೋದು ತೆಗ್ದಿದೀರಲ್ಲ! ಅಳಿಸಿ ಸಾರ್, ಅಳಿಸಿ" ಎಂದಳು. ಅಳಿಸಿದೆ. ಪಟ ಸರಿದುಹೋಗಿ ಅದರ ಹಿಂದಿನದು ಬಂದು ನಿಂತಿತು. ವಿಭೂತಿ, ಹೂವು, ನೆಟ್ಟಗೆ ಕುಳಿತ ಗಿರಿಜ.

"ಯಾರು ಸಾರ್, ಮನೆಯವರಾ? ಪೂಜೇಲಿ ತೆಗ್ದಿದ್ದಾ? ಲಕ್ಷಣವಾಗವ್ರೆ," ಎಂದು ಅವಳು ಬಗ್ಗಿ ನೋಡಿದಳು. ಆಮೇಲೆ ನಾಲಿಗೆ ಲೊಚಗುಟ್ಟಿದಳು. "ಇವ್ರದ್ದೂ ಕಣ್ಣು ಮುಚ್ಚೋಗದೆ. ನಿಮ್ಮ ಕೈಗುಣ ಸಾರ್. ಇವ್ರದ್ದೂ ಇನ್ನೊಂದ್ಸಲ ತೆಗೀಬೇಕಿತ್ತು."

ಚಿಕ್ಕಪ್ಪನಾಗಿದ್ದರೆ ಇದ್ದದ್ದನ್ನು ಹೇಳಿ ಫೋನನ್ನು ಒಳಗಿಡುತ್ತಿದ್ದ. ನಾನು, "ಹೌದಮ್ಮ, ತೆಗೀಬೇಕಿತ್ತು," ಎಂದೆ.

ಅವಳು ಬುಟ್ಟಿಯ ಹಿಂದೆ ಹೋಗಿ ಕುಳಿತು, ಸೆರಗು ಸರಿಮಾಡಿಕೊಂಡು, ಈ ಸಲ ರೆಪ್ಪೆ ಬಡಿಯಲೇಬಾರದೆಂದು ಕಣ್ಣುಗಳನ್ನು ಅಗಲಿಸಿ ನನ್ನತ್ತ ನೆಟ್ಟಳು. ನನ್ನ ಬೆರಳು ತಡಮಾಡುತ್ತಿತ್ತು. ಅವಳ ಕಣ್ಣಲ್ಲಿ ನಿಧಾನವಾಗಿ ನೀರು ತುಂಬಿಕೊಳ್ಳತೊಡಗಿತು, ಆದರೂ ಮುಚ್ಚಲಿಲ್ಲ.

"ಬೇಗ ಸಾರ್," ಎಂದಳು, ತುಟಿ ಅಲುಗಿಸದೆ.